ಹಕ್ಕಿಗೂ ನಮಗೂ ಸಾಲುವ ಕೈತೋಟ

ಕೈತೋಟಕ್ಕೆ ಹಕ್ಕಿ ಬರಲಿ ಎಂದು ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದು ತಟ್ಟೆ ಕಾಳು ಇಡುವುದು. ಕೆಲವೇ ದಿನಗಳಲ್ಲಿ ಪಾರಿವಾಳಗಳು ಠಿಕಾಣಿ ಹೂಡುತ್ತವೆ, ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಮೊನ್ನೆ ಮೊಳೆತ ಹರಿವೆ ಸಾಲು ಬೋಳಾಗುತ್ತದೆ. ಆಮೇಲೆ ಹಕ್ಕಿಯೂ ಬೇಕು, ತರಕಾರಿಯೂ ಬೇಕು ಅಂದರೆ ಆಗದ ಮಾತು ಎಂದು ಕೈಚೆಲ್ಲುತ್ತಾರೆ. ಆಗುವ ಮಾತೇ. ಕ್ರಮ ಬದಲಾಗಬೇಕು ಅಷ್ಟೆ: ಮೊದಲು ನೀರು, ಆಮೇಲೆ ಮರೆ, ಆಮೇಲೆ ಹುಳು. ಕಾಳು ಎಲ್ಲಕ್ಕಿಂತ ಕೊನೆಗೆ, ಬೇಕೆನಿಸಿದರೆ ಮಾತ್ರ.

ಕಾರಣ ಸರಳ. ಟುವ್ವಿ ಹಕ್ಕಿ, ಮಡಿವಾಳ, ಸೂರಕ್ಕಿ, ಕಾಜಾಣ, ಕಳ್ಳಿಪೀರ ಇವು ಯಾವುವೂ ಕಾಳಿನತ್ತ ತಿರುಗಿ ನೋಡುವುದಿಲ್ಲ. ಇವುಗಳಿಗೆ ಬೇಕಾದದ್ದು ಹುಳು, ಇಲ್ಲವೇ ಮಕರಂದ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಮರಿಗಳಿಗೆ ಉಣಿಸುವುದು ಮೆತ್ತನೆಯ ಹುಳುಗಳನ್ನೇ. ಹುಳುವಿಲ್ಲದ ತೋಟದಲ್ಲಿ ಎಷ್ಟೇ ಕಾಳು ಸುರಿದರೂ ಗುಬ್ಬಿಯ ಸಂಸಾರ ಬೆಳೆಯುವುದಿಲ್ಲ.

ನೀರಿನ ತಟ್ಟೆ

ಗಿಡದ ಕುಂಡದಡಿ ಇಡುವ ಮಣ್ಣಿನ ತಟ್ಟೆ ಸಾಕು. ಅಗಲ 35ರಿಂದ 45 ಸೆಂ.ಮೀ. ಇರಲಿ. ನೀರಿನ ಆಳ ನಡುವೆ 5 ಸೆಂ.ಮೀ. ಮೀರಬಾರದು, ಅಂಚಿನಲ್ಲಿ ಒಂದೆರಡು ಸೆಂ.ಮೀ. ಇದ್ದರೆ ಸರಿ. ಆಳದ ಬೋಗುಣಿ ಇಟ್ಟರೆ ಹಕ್ಕಿಗಳು ಅಂಚಿನಲ್ಲಿ ಕೂತು ನೀರು ಕುಡಿಯುತ್ತವೆಯೇ ಹೊರತು ಮೀಯಲು ಇಳಿಯುವುದಿಲ್ಲ, ಚಿಕ್ಕವು ಜಾರಿ ಮುಳುಗುವುದೂ ಉಂಟು. ಮನೆಯಲ್ಲಿ ಇರುವುದು ಆಳದ ಪಾತ್ರೆಯೇ ಆದರೆ ಒಳಗೊಂದು ಚಪ್ಪಟೆ ಕಲ್ಲು ಇಡಿ, ಕಲ್ಲಿನ ನೆತ್ತಿ ನೀರಿನಿಂದ ಸ್ವಲ್ಪ ಮೇಲಿರಲಿ. ನುಣುಪಾದ ಪಿಂಗಾಣಿಯ ಮೇಲೆ ಕಾಲು ನಿಲ್ಲುವುದಿಲ್ಲ. ಸ್ಟೀಲ್ ತಟ್ಟೆ ಬಿಸಿಲಿಗೆ ಕಾಯುತ್ತದೆ.

ಇಡುವ ಜಾಗ ತಟ್ಟೆಗಿಂತ ಮುಖ್ಯ. ಪೊದೆಯಿಂದ ಎರಡು ಮೂರು ಮೀಟರ್ ದೂರ ಇರಬೇಕು. ಪೊದೆಗೆ ತಾಗಿಸಿ ಇಟ್ಟರೆ ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ತೀರಾ ಬಯಲಿನಲ್ಲಿ ಇಟ್ಟರೆ, ಗರಿ ನೆನೆದು ಭಾರವಾದ ಹಕ್ಕಿಗೆ ಬಿಜ್ಜು ಎಂಬ ಪುಟ್ಟ ಗಿಡುಗ ಎರಗಿದಾಗ ಅವಿತುಕೊಳ್ಳಲು ಜಾಗವಿರುವುದಿಲ್ಲ. ನಡು ಮಧ್ಯಾಹ್ನ ನೆರಳು ಬೀಳುವ ಜಾಗವಾದರೆ ಒಳ್ಳೆಯದು. ಎತ್ತರ ಸುಮಾರು ಒಂದು ಮೀಟರ್. ಬೆಕ್ಕಿನ ಕಾಟವಿಲ್ಲದಿದ್ದರೆ ನೆಲದ ಮೇಲೂ ಒಂದಿಡಿ, ಹರಟೆಮಲ್ಲಗಳಿಗೆ ನೆಲವೇ ಇಷ್ಟ.

ನೀರನ್ನು ದಿನಾ ಚೆಲ್ಲಿ ಹೊಸದು ತುಂಬಿ. ಚೆಲ್ಲುವ ನೀರು ತರಕಾರಿ ಮಡಿಗೇ ಹೋಗಲಿ. ಸೆಕೆಗಾಲದಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಹಿಡಿಯುವ ಸಮಯ 7ರಿಂದ 10 ದಿನ, ಆದ್ದರಿಂದ ದಿನಾ ಬದಲಿಸುವ ತಟ್ಟೆಯಲ್ಲಿ ಸೊಳ್ಳೆ ಹುಟ್ಟುವ ಮಾತೇ ಇಲ್ಲ. ಸೊಳ್ಳೆ ಹುಟ್ಟುವುದು ಕುಂಡಗಳಡಿ ಮರೆತು ಬಿಟ್ಟ ತಟ್ಟೆಗಳಲ್ಲಿ, ಬೈಸಿಕೊಳ್ಳುವುದು ಮಾತ್ರ ಹಕ್ಕಿಯ ತಟ್ಟೆ. ವಾರಕ್ಕೊಮ್ಮೆ ಗಟ್ಟಿ ಬ್ರಷ್‌ನಿಂದ ತಿಕ್ಕಿ, ಸೋಪು ಬೇಡ. ಪಾಚಿ ಹಟ ಹಿಡಿದಿದ್ದರೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ಇಡಿ.

ನಿಂತ ನೀರಿಗಿಂತ ಅಲುಗುವ ನೀರು ಹಕ್ಕಿಗಳ ಕಣ್ಣಿಗೆ ಬೇಗ ಬೀಳುತ್ತದೆ. ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಸೂಜಿಯಿಂದ ಒಂದು ತೂತು ಮಾಡಿ, ತಟ್ಟೆಯ ಮೇಲೆ ಅರ್ಧ ಮೀಟರ್ ಎತ್ತರದಲ್ಲಿ ತೂಗುಹಾಕಿ. ಮುಚ್ಚಳ ಬಿಗಿ ಮಾಡಿದರೆ ಹನಿ ನಿಧಾನ, ಸಡಿಲಿಸಿದರೆ ಜೋರು. ಒಂದೆರಡು ಸೆಕೆಂಡಿಗೆ ಒಂದು ಹನಿ ಬಿದ್ದರೆ ಸಾಕು. ಸೂರಕ್ಕಿಯಂಥ ಪುಟ್ಟವು ತಟ್ಟೆಗಿಳಿಯುವುದಕ್ಕಿಂತ ಒದ್ದೆ ಎಲೆಗೆ ಮೈ ಉಜ್ಜಿಕೊಳ್ಳುವುದೇ ಹೆಚ್ಚು. ಬೆಳಿಗ್ಗೆ ಗಿಡಗಳಿಗೆ ನೀರು ಹಾಕುವಾಗ ಬಾಳೆಯಂಥ ಅಗಲ ಎಲೆಗಳ ಮೇಲೂ ಒಂದಿಷ್ಟು ಚಿಮುಕಿಸಿ.

ಗುಬ್ಬಚ್ಚಿಗೆ ನೀರಿನ ಸ್ನಾನದಷ್ಟೇ ದೂಳಿನ ಸ್ನಾನವೂ ಬೇಕು. ಜಾಗ ಸಿಗದಿದ್ದರೆ ನೀವು ಹದವಾಗಿ ಕೆದರಿ ಬೀಜ ಬಿತ್ತಿದ ಮಡಿಗೇ ಇಳಿದು ಮುಷ್ಟಿ ಗಾತ್ರದ ಕುಳಿಗಳನ್ನು ತೋಡುತ್ತದೆ. ಬಿಸಿಲು ಬೀಳುವ ಮೂಲೆಯಲ್ಲಿ ಅರ್ಧ ಮೀಟರ್ ಚೌಕದಷ್ಟು ಜಾಗಕ್ಕೆ ಜರಡಿ ಹಿಡಿದ ಒಣ ಮಣ್ಣು, ಮರಳು ಸಮಸಮ ಹಾಕಿ 8 ಸೆಂ.ಮೀ. ದಪ್ಪ ಹರವಿಬಿಡಿ. ಬಿತ್ತಿದ ಮಡಿಯನ್ನು ಸದಾ ತೇವವಾಗಿಡಿ. ಒಣ ದೂಳು ಪಕ್ಕದಲ್ಲೇ ಸಿಗುವಾಗ ಒದ್ದೆ ಮಣ್ಣಿನ ತಂಟೆಗೆ ಅವು ಬರುವುದು ಕಡಿಮೆ.

ಮರೆ ಕೊಡುವ ಗಿಡಗಳು

ಎದೆ ಎತ್ತರದ ಪೊದೆಯಿಲ್ಲದ ತೋಟಕ್ಕೆ ಹಕ್ಕಿ ಬಂದರೂ ನಿಲ್ಲುವುದಿಲ್ಲ. ಒಂದೇ ಗಿಡ ನೆಡಲು ಜಾಗವಿದ್ದರೆ ಒಂಟಿ ಸುತ್ತಿನ ಎಸಳಿನ ದಾಸವಾಳ ನೆಡಿ. ಮುದ್ದೆ ಮುದ್ದೆಯಾದ ಸುತ್ತುದಾಸವಾಳ ನೋಡಲು ಚೆಂದ, ಆದರೆ ಎಸಳಿನ ಗೊಂದಲದಲ್ಲಿ ಮಕರಂದಕ್ಕೆ ಕೊಕ್ಕು ತಲುಪುವುದು ಕಷ್ಟ. ಎರಡನೆಯದು ಕರಿಬೇವು. ಇದರ ಎಲೆ ನಮಗೆ, ಮಾಗಿದ ಕಪ್ಪು ಹಣ್ಣು ಪಿಕಳಾರಕ್ಕೆ, ಎಳೆ ಚಿಗುರು ಚಿಟ್ಟೆಯ ಮರಿಹುಳುಗಳಿಗೆ. ಕರಿಬೇವು, ನಿಂಬೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಪ್ಪು ಬಿಳುಪಾಗಿ ಅಂಟಿಕೊಂಡಿರುವುದನ್ನು ಕಂಡರೆ ಬೆರಳಿನಿಂದ ಒರೆಸುವ ಮೊದಲು ಬಗ್ಗಿ ನೋಡಿ. ಅದು ಬಾಲದ ಚಿಟ್ಟೆಗಳ ಎಳೆ ಹುಳುವಾಗಿರಬಹುದು. ಬೆಳೆದ ಮೇಲೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಹೊರಚಾಚಿ ಗಾಟು ವಾಸನೆ ಬಿಡುತ್ತದೆ. ದೊಡ್ಡ ಗಿಡವಾದರೆ ಹತ್ತು ಹುಳು ತಿಂದರೂ ಏನೂ ಆಗುವುದಿಲ್ಲ. ಕುಂಡದ ಪುಟ್ಟ ಗಿಡವಾದರೆ ಒಂದೆರಡನ್ನು ಬಿಟ್ಟು ಉಳಿದವನ್ನು ದೊಡ್ಡ ಗಿಡಕ್ಕೆ ಸಾಗಿಸಿ.

ಹಿಪ್ಪುನೇರಳೆ ಹಣ್ಣಿನ ಲೆಕ್ಕಕ್ಕೆ ಬಹಳ ಉಪಯೋಗಿ. ಎರಡು ಮೀಟರ್ ಮೀರದಂತೆ ಸವರಿದರೆ ಹೊಸ ಕುಡಿಗಳಲ್ಲಿ ಮತ್ತೆ ಹಣ್ಣು ಬಿಡುತ್ತದೆ. ಅದು ಹಣ್ಣಾಗಿರುವಾಗ ಪಿಕಳಾರಗಳು ಟೊಮ್ಯಾಟೊ ಕಡೆ ಬರುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಲಾಂಟಾನವನ್ನು ಮಾತ್ರ ಚಿಟ್ಟೆ ಬರುತ್ತದೆಂದು ನೆಡಬೇಡಿ. ಹಣ್ಣು ತಿಂದ ಹಕ್ಕಿಗಳೇ ಬೀಜವನ್ನು ಊರೆಲ್ಲ ಬಿತ್ತುತ್ತವೆ, ಆಮೇಲೆ ಅದನ್ನು ಕೀಳುವವರಿಲ್ಲ.

ಸವರುವ ಮೊದಲು ಗೂಡು ಹುಡುಕುವುದು ಕಡ್ಡಾಯ. ಟುವ್ವಿ ಹಕ್ಕಿಯ ಗೂಡು ಕಣ್ಣೆದುರೇ ಇದ್ದರೂ ಕಾಣುವುದಿಲ್ಲ: ಮೊಣಕಾಲಿನಿಂದ ಎದೆಯ ಎತ್ತರದೊಳಗೆ ಒಂದೆರಡು ಅಗಲ ಎಲೆಗಳು ದೊನ್ನೆಯಂತೆ ಮಡಿಚಿಕೊಂಡಿರುತ್ತವೆ. ಅಂಚಿನುದ್ದಕ್ಕೂ ಕೊಕ್ಕಿನಿಂದ ಚುಚ್ಚಿದ ಸಣ್ಣ ತೂತುಗಳು, ಅದರೊಳಗೆ ಜೇಡನ ನೂಲೋ ಹತ್ತಿಯ ಎಳೆಯೋ ತೂರಿ, ಹೊರಗೆ ಗಂಟಿನಂತೆ ಉಬ್ಬಿ ನಿಂತಿರುತ್ತದೆ. ಎಲೆ ಇನ್ನೂ ಹಸಿರಾಗಿಯೇ ಇರುವುದರಿಂದ ಕತ್ತರಿ ಹಿಡಿದವರಿಗೆ ಗೊತ್ತೇ ಆಗುವುದಿಲ್ಲ. ಮೊಟ್ಟೆಯಿಂದ ಮರಿ ಹಾರುವವರೆಗೆ ನಾಲ್ಕು ವಾರದ ಆಸುಪಾಸು ಬೇಕು. ಅಷ್ಟು ದಿನ ಆ ಗಿಡಕ್ಕೆ ಕತ್ತರಿ ಹಾಕಬೇಡಿ.

ತರಕಾರಿ ಮಡಿ

ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಕಡೆ ಕಾಯಿ ಬಿಡುವ ತರಕಾರಿ ಹಾಕಬೇಡಿ. ನಾಲ್ಕು ಗಂಟೆ ಬಿಸಿಲಿದ್ದರೆ ಸೊಪ್ಪು ಮಾತ್ರ. ಮಡಿಯ ಅಗಲ 1.2 ಮೀಟರ್ ಮೀರದಿರಲಿ, ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು. ಮಡಿಯೊಳಗೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತದೆ. ನೆಲದಿಂದ 20 ಸೆಂ.ಮೀ. ಏರಿಸಿ, ಚದರ ಮೀಟರಿಗೆ 3ರಿಂದ 4 ಕಿಲೋ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಕಳಿಯದ ಸಗಣಿ ಹಾಕಿದರೆ ಅದರ ಬಿಸಿಗೆ ಎಳೆ ಬೇರು ಸುಡುತ್ತದೆ, ಗೊಣ್ಣೆಹುಳುವೂ ಜೊತೆಗೆ ಬರುತ್ತದೆ. ಕುಂಡದಲ್ಲಾದರೆ ಮಣ್ಣು ಎರಡು ಪಾಲು, ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಟೊಮ್ಯಾಟೊ, ಬದನೆಗೆ ತಲಾ 15ರಿಂದ 20 ಲೀಟರ್ ಹಿಡಿಯುವ ಚೀಲ ಬೇಕು, ಹೀರೆಗೆ 30 ಲೀಟರಿಗೆ ಕಮ್ಮಿ ಆಗದು.

ಶುರುವಿಗೆ ಹರಿವೆ, ಬೆಂಡೆ, ಅಲಸಂದೆ, ಟೊಮ್ಯಾಟೊ, ಬದನೆ, ಹೀರೆ ಸಾಕು. ಹೂಕೋಸು, ಎಲೆಕೋಸನ್ನು ಮೊದಲ ವರ್ಷ ಬಿಟ್ಟುಬಿಡಿ. ಔಷಧಿ ಹೊಡೆಯದೆ ಅವುಗಳನ್ನು ಹುಳುಗಳಿಂದ ಕಾಪಾಡಲು ಕೈ ಪಳಗಿರಬೇಕು.

ಹರಿವೆ ಬೀಜ ಸಾಸಿವೆಗಿಂತ ಸಣ್ಣದು, ಹಾಗೇ ಚೆಲ್ಲಿದರೆ ಒಂದೇ ಕಡೆ ಗುಂಪಾಗಿ ಏಳುತ್ತದೆ. ಚದರ ಮೀಟರಿಗೆ 2 ಗ್ರಾಂ ಬೀಜವನ್ನು ಹತ್ತು ಪಾಲು ಸಣ್ಣ ಮರಳಿನೊಂದಿಗೆ ಕಲಸಿ ಎರಚಿ, ಅರ್ಧ ಸೆಂ.ಮೀ. ಮೀರದಂತೆ ಗೊಬ್ಬರದ ಪುಡಿ ಉದುರಿಸಿ. ಇರುವೆ ಹೊತ್ತೊಯ್ಯುವುದೇ ಇಲ್ಲಿನ ದೊಡ್ಡ ನಷ್ಟ. ಬಿತ್ತುವ ಮೊದಲು ಸುತ್ತ ಇರುವೆ ಸಾಲು ಇದೆಯೇ ನೋಡಿ, ಮೊಳೆಯುವವರೆಗೂ ಮೇಲೆ ತೆಳ್ಳಗಿನ ಒದ್ದೆ ಗೋಣಿ ಹೊದಿಸಿ. ಮೊಳಕೆ ಕಂಡ ದಿನವೇ ತೆಗೆಯಿರಿ. 25ರಿಂದ 30 ದಿನಕ್ಕೆ ಕೀಳಬಹುದು.

ಬೆಂಡೆ ಬೀಜವನ್ನು ರಾತ್ರಿಯಿಡೀ ನೆನೆಸಿ, 2 ಸೆಂ.ಮೀ. ಆಳಕ್ಕೆ, ಗಿಡದಿಂದ ಗಿಡಕ್ಕೆ 30, ಸಾಲಿನಿಂದ ಸಾಲಿಗೆ 45 ಸೆಂ.ಮೀ. ಬಿಟ್ಟು ಊರಿ. 45ರಿಂದ 50 ದಿನಕ್ಕೆ ಮೊದಲ ಕಾಯಿ. ಬೆರಳುದ್ದ ಆದ ಕೂಡಲೇ, ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ಕಾಯಿ ಬಲಿಯಲು ಬಿಟ್ಟರೆ ಗಿಡ ಬೀಜ ಮಾಡುವುದಕ್ಕೆ ಗಮನ ಕೊಟ್ಟು ಹೂ ನಿಲ್ಲಿಸುತ್ತದೆ.

ಟೊಮ್ಯಾಟೊ ಸಸಿ 25ರಿಂದ 30 ದಿನದ್ದಾದಾಗ ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡ ಅರ್ಧ ಮುಳುಗುವಂತೆ ಆಳವಾಗಿ ನೆಡಿ. ಹೂತ ಕಾಂಡದಿಂದಲೂ ಬೇರೊಡೆಯುತ್ತದೆ. ಆಸರೆ ಕೋಲನ್ನು ಅದೇ ದಿನ ನೆಡಿ, ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಕಾಯಿಯ ತುದಿ ಕಪ್ಪಾಗಿ ಚರ್ಮದಂತಾದರೆ ಅದು ರೋಗವಲ್ಲ. ನೀರು ಒಂದು ದಿನ ಹೆಚ್ಚು, ಮೂರು ದಿನ ಇಲ್ಲ ಎಂಬಂತಾದಾಗ ಸುಣ್ಣದಂಶ ಕಾಯಿಯ ತುದಿಯವರೆಗೆ ತಲುಪುವುದಿಲ್ಲ. ಮೊಟ್ಟೆ ಚಿಪ್ಪು ಹಾಕಿ ಕಾಯುವುದರಿಂದ ಆ ಬೆಳೆ ಉಳಿಯದು, ನೀರನ್ನು ಒಂದೇ ಸಮ ಕೊಡುವುದೇ ಮದ್ದು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ. ಒಣಗಿದೆ ಅನಿಸಿದರೆ ನೀರು ಹಾಕಿ, ಇಲ್ಲದಿದ್ದರೆ ನಾಳೆ ನೋಡಿ. ಎಲೆಗಳು ಮೇಲಕ್ಕೆ ಮುದುಡಿ ಗಿಡ ಗಿಡ್ಡವಾಗಿ ನಿಂತುಬಿಟ್ಟರೆ ಬಿಳಿನೊಣ ತಂದ ನಂಜುರೋಗ. ಅದಕ್ಕೆ ಮದ್ದಿಲ್ಲ, ಬೇಗ ಕಿತ್ತಷ್ಟೂ ಉಳಿದ ಗಿಡಗಳಿಗೆ ಕ್ಷೇಮ.

ಗಿಡಗಳ ಬುಡಕ್ಕೆ ಒಣ ಎಲೆಯ ಹೊದಿಕೆ 5ರಿಂದ 7 ಸೆಂ.ಮೀ. ಹಾಸಿ, ಕಾಂಡದಿಂದ ನಾಲ್ಕು ಬೆರಳು ದೂರ ಬಿಡಿ. ತೇವ ಉಳಿಯುತ್ತದೆ, ಜೊತೆಗೆ ತೋಟದಲ್ಲಿ ಹಕ್ಕಿಗೆ ಅತಿ ಹೆಚ್ಚು ಮೇವು ಸಿಗುವ ಜಾಗವೂ ಇದೇ. ಹರಟೆಮಲ್ಲಗಳ ಗುಂಪು ಇಳಿದು ಒಂದೊಂದು ಎಲೆಯನ್ನೂ ಮಗುಚಿ ಹಾಕಿ ಜಿರಲೆ, ಗೆದ್ದಲು, ಮರಿಹುಳು ಹೆಕ್ಕುತ್ತದೆ. ಮಗುಚಿದ ಎಲೆ ಎಳೆ ಸಸಿಯ ಮೇಲೆ ಬಿದ್ದರೆ ಸಸಿ ಸತ್ತಿತು. ಆದ್ದರಿಂದ ಸಸಿ ಗೇಣುದ್ದ ಆಗುವ ತನಕ ಹೊದಿಕೆ ಹಾಸಬೇಡಿ.

ಹುಳುವಿನ ಲೆಕ್ಕಾಚಾರ

ಅಲಸಂದೆಯ ಕುಡಿಗೆ ಕಪ್ಪು ಸಸ್ಯಹೇನು ಮುತ್ತುವುದು ಗ್ಯಾರಂಟಿ. ಕಂಡ ಕೂಡಲೇ ಸ್ಪ್ರೇ ಬಾಟಲಿ ಹಿಡಿಯುವುದೇ ಹೆಚ್ಚಿನವರ ತಪ್ಪು. ಮೊದಲ ಮೂರು ಬೆಳಿಗ್ಗೆ ಪೈಪಿನ ಬಾಯಿಗೆ ಬೆರಳೊತ್ತಿ ನೀರನ್ನು ಬಿರುಸಾಗಿ ಹಾಯಿಸಿ ಉದುರಿಸಿ. ಆಮೇಲೆ ಇರುವೆ ನೋಡಿ. ಹೇನು ಸುರಿಸುವ ಸಿಹಿ ದ್ರವಕ್ಕಾಗಿ ಇರುವೆಗಳು ಅವುಗಳನ್ನು ಕಾಯುತ್ತವೆ, ತಿನ್ನಲು ಬಂದ ಹುಳುಗಳನ್ನು ಓಡಿಸುತ್ತವೆ. ಚಪ್ಪರದ ಕಂಬಕ್ಕೆ ಅಂಟುಪಟ್ಟಿ ಸುತ್ತಿದರೆ ದಾರಿ ಕಟ್ಟಾಗುತ್ತದೆ. ಅಂಟು ಹೊರಕ್ಕಿರುವ ಆ ಪಟ್ಟಿಗೆ ಹಲ್ಲಿಯೋ ಪುಟ್ಟ ಹಕ್ಕಿಯೋ ಮೆತ್ತಿಕೊಳ್ಳದಂತೆ ಸುತ್ತ ಜಾಲರಿ ಕಟ್ಟಿ.

ಇಷ್ಟು ಮಾಡಿ ಒಂದು ವಾರ ಸುಮ್ಮನಿದ್ದರೆ ಗುಲಗಂಜಿ ಹುಳು ಬರುತ್ತದೆ. ಕೆಂಪು ಚಿಪ್ಪಿನ ಮೇಲೆ ಕಪ್ಪು ಚುಕ್ಕಿಯ ದೊಡ್ಡ ಹುಳುವನ್ನು ಎಲ್ಲರೂ ಗುರುತಿಸುತ್ತಾರೆ; ಅದರ ಮರಿಯನ್ನು ಮಾತ್ರ ಕೀಟವೆಂದು ಹೊಸಕುತ್ತಾರೆ. ಅಕ್ಕಿಕಾಳಿನಷ್ಟುದ್ದ, ಕಪ್ಪು ಮೈ, ಬೆನ್ನಿನ ಮೇಲೆ ಕಿತ್ತಳೆ ಮಚ್ಚೆ, ಆರು ಕಾಲು, ಹಿಂದಕ್ಕೆ ಚೂಪಾದ ಬಾಲ. ಹೇನಿನ ಗುಂಪಿನ ನಡುವೆ ಇಂಥದ್ದು ಓಡಾಡುತ್ತಿದ್ದರೆ ಆ ಕುಡಿಯನ್ನು ಮುಟ್ಟದೆ ಬಿಡಿ.

ಆದರೂ ಹತೋಟಿಗೆ ಬಾರದೆ ಕುಡಿ ಮುದುಡತೊಡಗಿದರೆ, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯಲು 1ರಿಂದ 2 ಮಿ.ಲೀ. ದ್ರವ ಸೋಪು. ಮೊದಲು ಎರಡು ಎಲೆಗೆ ಹೊಡೆದು ಒಂದು ದಿನ ಕಾದು ನೋಡಿ. ಸಂಜೆ, ಜೇನು ಗೂಡಿಗೆ ಮರಳಿದ ಮೇಲೆ, ಎಲೆಯ ಅಡಿಭಾಗ ನೆನೆಯುವಂತೆ ಹೊಡೆಯಿರಿ, ಹೂವಿಗೆ ಬೇಡ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೇವು ಸಾವಯವ ಎಂದ ಮಾತ್ರಕ್ಕೆ ವಾರ ವಾರ ಎರಚುವುದು ಸಲ್ಲ, ಗುಲಗಂಜಿ ಮರಿಗೂ ಅದರಿಂದ ಪೆಟ್ಟು.

ಕಾಜಾಣ, ಕಳ್ಳಿಪೀರ ಹಾರುವ ಹುಳುಗಳನ್ನು ಗಾಳಿಯಲ್ಲೇ ಹಿಡಿಯುತ್ತವೆ. ಅವಕ್ಕೆ ಕೂತು ನೋಡಲು ಒಂದು ತೆರೆದ ಎತ್ತರ ಬೇಕು. ಎರಡು ಮೀಟರ್ ಕೋಲಿನ ತುದಿಗೆ 40 ಸೆಂ.ಮೀ. ಅಡ್ಡಪಟ್ಟಿ ಬಡಿದು ಮಡಿಯ ಪಕ್ಕ ನೆಡಿ, ಸೊಪ್ಪಿನ ಮೇಲೆ ಹಿಕ್ಕೆ ಬೀಳದಷ್ಟು ದೂರದಲ್ಲಿ. ಕಳ್ಳಿಪೀರ ಜೇನುಹುಳುವನ್ನೂ ಬಿಡುವುದಿಲ್ಲ. ಜೇನುಪೆಟ್ಟಿಗೆ ಇಟ್ಟವರು ಈ ಕೋಲನ್ನು ಅದರ ಹತ್ತಿರ ನೆಡಬಾರದು.

ಹಕ್ಕಿಯಿಂದ ಆಗದ ಕೆಲಸಗಳೂ ಇವೆ. ಬದನೆಯ ಕುಡಿ ಮತ್ತು ಕಾಯಿಕೊರಕ ಒಳಗೇ ಇರುವುದರಿಂದ ಯಾವ ಕೊಕ್ಕಿಗೂ ಸಿಗದು. ಗಿಡವೆಲ್ಲ ಚೆನ್ನಾಗಿದ್ದು ಒಂದು ಕುಡಿ ಮಾತ್ರ ಜೋತುಬಿದ್ದರೆ, ಬಾಡಿದ ಜಾಗದಿಂದ ಎರಡು ಮೂರು ಸೆಂ.ಮೀ. ಕೆಳಗೆ ಕತ್ತರಿಸಿ ಸೀಳಿ ನೋಡಿ, ನಸುಗೆಂಪು ಹುಳು ಸಿಗುತ್ತದೆ. ಕತ್ತರಿಸಿದ್ದನ್ನು ಗೊಬ್ಬರ ಗುಂಡಿಗೆ ಎಸೆದರೆ ಅಲ್ಲೇ ಪತಂಗವಾಗಿ ಮರಳುತ್ತದೆ. ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ನಾಲ್ಕು ದಿನ ಉರಿಬಿಸಿಲಿನಲ್ಲಿಡಿ. ಹೀರೆ, ಹಾಗಲದ ಹಣ್ಣುನೊಣಕ್ಕೂ ಇದೇ ಮಾತು: ಹೀಚು ಕಿರುಬೆರಳಷ್ಟಾದಾಗಲೇ ಕಾಗದದ ಚೀಲ ತೊಡಿಸಿ, ಚುಚ್ಚಿದ ಗಾಯದಿಂದ ಅಂಟು ಒಸರಿ ಸೊಟ್ಟಗಾದ ಕಾಯಿಗಳನ್ನು ಗಿಡದಲ್ಲಿ ಉಳಿಸಬೇಡಿ.

ಹೂವಿದೆ, ಕಾಯಿಯಿಲ್ಲ

ಹೀರೆಯ ಹೀಚು ಹಳದಿಯಾಗಿ ಉದುರಿದರೆ ಬಹುಪಾಲು ಪರಾಗದ ಕೊರತೆ. ಬರೀ ತೊಟ್ಟಿನ ಹೂ ಗಂಡು, ಬುಡದಲ್ಲಿ ಪುಟ್ಟ ಕಾಯಿಯಿರುವುದು ಹೆಣ್ಣು. ಗಂಡು ಹೂವಿನ ಎಸಳು ಕಿತ್ತು ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲನೆ ಸವರಿ. ಹೀರೆ ಸಂಜೆ ಅರಳುತ್ತದೆ, ಹಾಗಲ ಮತ್ತು ಕುಂಬಳ ಮುಂಜಾನೆ. ಹೊತ್ತು ತಪ್ಪಿದರೆ ಸವರಿದ್ದು ವ್ಯರ್ಥ. ಶುರುವಿನ ಕೆಲವು ದಿನ ಗಂಡು ಹೂವಷ್ಟೇ ಬರುವುದು ಸಹಜ, ಗಾಬರಿ ಬೇಡ.

ಟೊಮ್ಯಾಟೊ, ಬದನೆಯ ಕಥೆ ಬೇರೆ. ಇವುಗಳ ಪರಾಗ ಪುಟ್ಟ ಕೊಳವೆಗಳೊಳಗಿದ್ದು, ಅದುರಿಸಿದರೆ ಮಾತ್ರ ತುದಿಯ ರಂಧ್ರದಿಂದ ಉದುರುತ್ತದೆ. ನೀಲಿಪಟ್ಟೆಯ ಜೇನು, ದೊಡ್ಡ ಕಪ್ಪು ಬಡಗಿ ದುಂಬಿ ಹೂವನ್ನು ತಬ್ಬಿ ಝುಂಯ್ ಎಂದು ಮೈ ಅದುರಿಸುತ್ತವೆ. ಸಾಮಾನ್ಯ ಜೇನಿಗೆ ಆ ವಿದ್ಯೆ ಗೊತ್ತಿಲ್ಲ. ಬಡಗಿ ದುಂಬಿಗೆ ಒಣ ಮರದ ತುಂಡು, ನೀಲಿಪಟ್ಟೆಯದಕ್ಕೆ ಮಳೆ ತಾಗದ ಮಣ್ಣಿನ ಗೋಡೆ ಉಳಿಸಿ. ಅವು ಬರುವವರೆಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಚಿಟಿಕೆ ಹೊಡೆದಂತೆ ತಟ್ಟಿದರೂ ನಡೆಯುತ್ತದೆ. ಗುಲಾಬಿ ಎಲೆಯ ಅಂಚಿನಲ್ಲಿ ಅರ್ಧಚಂದ್ರಾಕಾರ ಕತ್ತರಿಸಿದಂತಿದ್ದರೆ ಎಲೆಕತ್ತರಿ ಜೇನಿನ ಕೆಲಸ, ಬಿಟ್ಟುಬಿಡಿ. ಅದು ಎಲೆ ತಿನ್ನುವುದಿಲ್ಲ, ಗೂಡಿಗೆ ಒಯ್ಯುತ್ತದೆ.

ಬಲೆ, ಮತ್ತು ಬಲೆಯಿಲ್ಲದ ಉಪಾಯ

ಹಕ್ಕಿಬಲೆ ಎಂದು ಮಾರುವ ತೆಳ್ಳಗಿನ ನೈಲಾನ್ ದಾರದ ದೊಡ್ಡ ಕಣ್ಣಿನ ಬಲೆ ಕೈತೋಟಕ್ಕೆ ಬರಲೇಬಾರದು. ಹಕ್ಕಿಯ ಕಾಲು, ಕೇರೆ ಹಾವಿನ ಮೈ ಅದರಲ್ಲಿ ಸಿಕ್ಕಿ, ಒದ್ದಾಡಿದಷ್ಟೂ ಬಿಗಿಯುತ್ತದೆ. ಕಿರುಬೆರಳ ತುದಿ ತೂರದಷ್ಟು ಸಣ್ಣ ಕಣ್ಣಿನ, ಬಿಳಿ ಬಣ್ಣದ ಕೀಟಬಲೆ ತೆಗೆದುಕೊಳ್ಳಿ. ಬಿದಿರಿನ ಕಮಾನಿನ ಮೇಲೆ ಚರ್ಮದಂತೆ ಬಿಗಿದು ಕಟ್ಟಿ, ಅಂಚನ್ನು ಮಣ್ಣಿನಲ್ಲಿ ಹೂಳಿ. ಜೋತಾಡುವ ಬಲೆ ಯಾವತ್ತಿದ್ದರೂ ಉರುಳೇ. ದಿನಕ್ಕೆರಡು ಸಲ ಕಣ್ಣಾಡಿಸಿ.

ಬಲೆ ಬೇಕಾದದ್ದು ಮೊಳಕೆಗೆ, ಎರಡು ಮೂರು ವಾರ ಅಷ್ಟೆ. ಸಸಿ 10 ಸೆಂ.ಮೀ. ದಾಟಿದ ಮೇಲೆ ಗುಬ್ಬಿ ಕುಕ್ಕಿದರೂ ತಡೆದುಕೊಳ್ಳುತ್ತದೆ. ಹೊಳೆಯುವ ಪಟ್ಟಿ, ಹಳೆಯ ಸಿ.ಡಿ. ತೂಗುಹಾಕುವುದು ಕೆಲವು ದಿನ ನಡೆಯುತ್ತದೆ, ಆಮೇಲೆ ಹಕ್ಕಿ ಅದರ ಮೇಲೇ ಬಂದು ಕೂರುತ್ತದೆ.

ಟೊಮ್ಯಾಟೊಗೆ ಬಲೆಯೇ ಬೇಡ. ಪಿಕಳಾರ ಕುಕ್ಕುವುದು ಬಣ್ಣ ತಿರುಗಿದ ಹಣ್ಣನ್ನು. ಕಾಯಿಯ ತುದಿಯಲ್ಲಿ ನಸುಗೆಂಪು ಮೂಡಿದ ಹಂತದಲ್ಲೇ ಕಿತ್ತು, ಒಳಗೆ ನೆರಳಿನಲ್ಲಿ, ತೊಟ್ಟು ಕೆಳಗಾಗಿ ಹರಡಿ. ಮಾಗಲು ಬಿಸಿಲು ಬೇಕಿಲ್ಲ. 20ರಿಂದ 25 ಡಿಗ್ರಿಯಲ್ಲಿ ಕೆಲವೇ ದಿನಕ್ಕೆ ಪೂರ್ತಿ ಕೆಂಪಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಮಾಗುವುದು ನಿಲ್ಲುತ್ತದೆ, ರುಚಿಯೂ ಸಪ್ಪೆ.

ಕಾಳು, ಗೂಡುಪೆಟ್ಟಿಗೆ

ಇಷ್ಟಾದ ಮೇಲೂ ಗುಬ್ಬಿಗೆ ಕಾಳು ಹಾಕುವ ಆಸೆಯಿದ್ದರೆ ನವಣೆ, ಸಜ್ಜೆ ಅಥವಾ ನುಚ್ಚು. ಮಡಿಯಿಂದ ದೂರದಲ್ಲಿ, ಬೆಳಿಗ್ಗೆ ಎರಡು ಮೂರು ಚಮಚ, ಮಧ್ಯಾಹ್ನದೊಳಗೆ ಖಾಲಿಯಾಗಬೇಕು. ಉಳಿಯುತ್ತಿದ್ದರೆ ನೀವು ಹಾಕುವುದು ಹೆಚ್ಚಾಯಿತು. ಸಂಜೆ ತಟ್ಟೆ ಒಳಗಿಡಿ, ಇಲ್ಲದಿದ್ದರೆ ಇಲಿ ಖಂಡಿತ. ಬ್ರೆಡ್, ಉಪ್ಪು ಖಾರದ ತಿಂಡಿ, ಹಾಲು ಬೇಡ. ಬೂಷ್ಟು ಹಿಡಿದ ಕಾಳು, ಹಿಕ್ಕೆ ಬಿದ್ದ ತಟ್ಟೆಯಿಂದ ಸಾಲ್ಮೊನೆಲ್ಲಾದಂಥ ಸೋಂಕು ಇಡೀ ಗುಂಪಿಗೆ ಹರಡುತ್ತದೆ. ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ಕಂಡರೆ ಎರಡು ವಾರ ಕಾಳು ನಿಲ್ಲಿಸಿ, ತಟ್ಟೆಯನ್ನು ಬ್ಲೀಚ್ ನೀರಿನಲ್ಲಿ ತೊಳೆಯಿರಿ.

ಗುಬ್ಬಿಯ ಪೆಟ್ಟಿಗೆಗೆ 15ರಿಂದ 20 ಮಿ.ಮೀ. ದಪ್ಪದ ಮರ ಬೇಕು. ತೆಳು ಹಲಗೆ, ತಗಡು ಬಿಸಿಲಿಗೆ ಒಲೆಯಾಗುತ್ತದೆ. ಒಳಗಿನ ತಳ 15 ಸೆಂ.ಮೀ. ಚೌಕ, ಎತ್ತರ 25 ಸೆಂ.ಮೀ., ಬಾಗಿಲ ತೂತು 32 ಮಿ.ಮೀ. ವ್ಯಾಸ, ತಳದಿಂದ 15 ಸೆಂ.ಮೀ. ಮೇಲೆ. ತೂತು ದೊಡ್ಡದಾದರೆ ಮೈನಾ ಒಳನುಗ್ಗುತ್ತದೆ. ತಳದ ನಾಲ್ಕು ಮೂಲೆಗೆ 6 ಮಿ.ಮೀ. ತೂತು, ಸೂರು 5 ಸೆಂ.ಮೀ. ಮುಂಚಾಚಲಿ. ಬಾಗಿಲ ಮುಂದೆ ಕೂರುವ ಕಡ್ಡಿ ಇಡಬೇಡಿ, ಅದು ಕಾಗೆಗೆ ಅನುಕೂಲ. ಒಳಗೆ ಬಣ್ಣ, ವಾರ್ನಿಷ್ ಬೇಡ. ಮೂರು ಮೀಟರ್ ಎತ್ತರದಲ್ಲಿ, ಪಡುವಣದ ಬಿಸಿಲು ಮತ್ತು ಇರಿಚಲು ಮಳೆ ತಾಗದ ಗೋಡೆಗೆ ಅಲುಗದಂತೆ ಕೂರಿಸಿ. ಮರಿಗಳು ಹಾರಿಹೋದ ಮೇಲೆ ಹಳೆಯ ಹುಲ್ಲು ತೆಗೆದು ಕುದಿನೀರು ಹಾಕಿ ಒಣಗಿಸಿ.

ಕೊಲ್ಲುವ ಮೂರು ವಸ್ತುಗಳು

ಕಿಟಕಿ ಗಾಜಿನಲ್ಲಿ ಕಾಣುವ ಮರವನ್ನು ಹಕ್ಕಿ ನಿಜವೆಂದು ನಂಬುತ್ತದೆ. ಗಾಜಿಗೊಂದು ಹದ್ದಿನ ಚಿತ್ರ ಅಂಟಿಸಿದರೆ ಅದು ಆ ಚಿತ್ರವನ್ನಷ್ಟೇ ತಪ್ಪಿಸಿ ಪಕ್ಕಕ್ಕೆ ಬಡಿಯುತ್ತದೆ. ಗಾಜಿನ ಹೊರಮೈಗೆ, 5 ಸೆಂ.ಮೀ. ಅಂತರದಲ್ಲಿ ಚುಕ್ಕಿ ಅಥವಾ ಗೆರೆಗಳನ್ನು ಇಡೀ ಗಾಜು ತುಂಬ ಹಾಕಬೇಕು. ನೀರಿನ ತಟ್ಟೆ ಕಿಟಕಿಯಿಂದ ಒಂದು ಮೀಟರಿನೊಳಗಿರಲಿ, ಇಲ್ಲವೇ ಹತ್ತು ಮೀಟರ್ ಆಚೆ. ನಡುವಿನ ದೂರದಲ್ಲಿ ಗಾಬರಿಬಿದ್ದು ಹಾರಿದಾಗ ಬಡಿತಕ್ಕೆ ವೇಗ ಸಿಗುತ್ತದೆ.

ಇಲಿ ಪಾಷಾಣ ತಿಂದು ನಿಧಾನವಾಗಿ ಸಾಯುವ ಇಲಿಯನ್ನು ಹಿಡಿದ ಗೂಬೆಗೂ ವಿಷವೇರುತ್ತದೆ. ಬೋನು ಬಳಸಿ. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೂ ಹಕ್ಕಿಗೂ ವಿಷ. ರಾತ್ರಿ ಟಾರ್ಚ್ ಹಿಡಿದು, ಕೈಗವಸು ತೊಟ್ಟು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದೇ ನಂಬಿಕಸ್ಥ ದಾರಿ. ಬರಿಗೈ ಬೇಡ, ಅವುಗಳ ಲೋಳೆಯಲ್ಲಿ ಮನುಷ್ಯರಿಗೂ ತಗಲುವ ಪರೋಪಜೀವಿ ಹುಳು ಇರಬಹುದು. ಉಪ್ಪನ್ನು ಮಡಿಗೆ ಎರಚಿದರೆ ಮಣ್ಣು ಕೆಡುತ್ತದೆ. ಮೂರನೆಯದು ಬೆಕ್ಕು. ಸಾಕಿದ್ದಾದರೆ ಬೆಳಗಿನ ಜಾವ, ಮುಸ್ಸಂಜೆ ಮನೆಯೊಳಗಿರಲಿ.

ನೋಡುವ ಬಗೆ

ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಒಳ್ಳೆಯ ಹೊತ್ತು. ಬೆಳಕು ಬೆನ್ನಿಗಿರುವಂತೆ ಒಂದೇ ಕಡೆ ಕೂತರೆ ಹತ್ತು ನಿಮಿಷದಲ್ಲಿ ಹಕ್ಕಿಗಳು ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಡುತ್ತವೆ. ದುರ್ಬೀನು ಕೊಳ್ಳುವುದಾದರೆ 8×32 ಅಥವಾ 8×42. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ವ್ಯಾಸ ಮಿ.ಮೀ.ಗಳಲ್ಲಿ. 10 ಪಟ್ಟಿನದರಲ್ಲಿ ಕೈನಡುಕ ಹೆಚ್ಚು ಕಾಣುತ್ತದೆ, ನೋಟದ ಹರವು ಕಿರಿದು. ತೋಟಕ್ಕೆ ಇನ್ನೂ ಒಂದು ಗುಣ ಬೇಕು: ಎರಡು ಮೀಟರ್ ಹತ್ತಿರದ್ದೂ ಸ್ಪಷ್ಟವಾಗಬೇಕು, ಆಗ ಚಿಟ್ಟೆಯನ್ನೂ ಅದರಲ್ಲೇ ನೋಡಬಹುದು. ಹಕ್ಕಿಯ ಮೇಲಿಟ್ಟ ಕಣ್ಣನ್ನು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ದುರ್ಬೀನಿನೊಳಗೆ ಹಕ್ಕಿ ಹುಡುಕಲು ಹೋದರೆ ಎಲೆಗಳೇ ಸಿಗುವುದು.

ಪುಸ್ತಕದಲ್ಲಿ ದಿನಾಂಕ, ಹೊತ್ತು, ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು ಎಂದು ಬರೆಯಿರಿ. ಕೊನೆಯ ಅಂಕಣವೇ ತರಕಾರಿಗೆ ಉಪಯೋಗ: ಯಾವ ವಾರ ಯಾವ ಹಕ್ಕಿ ಯಾವ ಗಿಡದಿಂದ ಏನು ಹೆಕ್ಕಿತು ಎಂಬುದು ಮುಂದಿನ ವರ್ಷ ಬಲೆ ಯಾವಾಗ ಕಟ್ಟಬೇಕೆಂದು ಹೇಳುತ್ತದೆ. ಗುರುತು ಹತ್ತದಿದ್ದರೆ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಉಚಿತ, ಕೂಗು ಕೇಳಿಸಿದರೂ ಹೆಸರು ಸೂಚಿಸುತ್ತದೆ. ಆದರೆ ಕಣ್ಣಾರೆ ಕಾಣದೆ ಅದನ್ನು ಪಟ್ಟಿಗೆ ಸೇರಿಸಬೇಡಿ. 1998ರಲ್ಲಿ ಶುರುವಾದ ಹಿತ್ತಿಲ ಹಕ್ಕಿಗಳ ಎಣಿಕೆ (ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್) 2013ರಿಂದ ಜಗತ್ತಿನೆಲ್ಲೆಡೆ, ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುತ್ತದೆ. ಕನಿಷ್ಠ 15 ನಿಮಿಷ ಎಣಿಸಿ, ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಸೇರಿಸಿದರೆ ನಿಮ್ಮ ತೋಟವೂ ಲೆಕ್ಕಕ್ಕೆ ಬರುತ್ತದೆ.

ನೆಲದ ಮೇಲೆ ಮರಿ ಸಿಕ್ಕಿದರೆ

ಮೈತುಂಬ ಗರಿ, ಮೋಟು ಬಾಲ, ಕುಪ್ಪಳಿಸುತ್ತಿದೆ ಎಂದರೆ ಅದು ಹಾರಲು ಕಲಿಯುತ್ತಿರುವ ಮರಿ. ತಾಯಿ ತಂದೆ ಹತ್ತಿರದಲ್ಲೇ ಇದ್ದು ಉಣಿಸುತ್ತಿರುತ್ತವೆ. ಬೆಕ್ಕಿಗೆ ಸಿಗುವಂತಿದ್ದರೆ ಎತ್ತಿ ಹತ್ತಿರದ ಪೊದೆಯೊಳಗೆ ಬಿಟ್ಟು ದೂರ ಸರಿಯಿರಿ. ಗರಿಯಿಲ್ಲದ ಬೆತ್ತಲೆ ಮರಿಯಾದರೆ ಗೂಡು ಹುಡುಕಿ ಒಳಗಿಡಿ. ಮನುಷ್ಯರ ಕೈ ತಾಗಿದ್ದಕ್ಕೆ ತಾಯಿ ಬಿಟ್ಟುಹೋಗುವುದಿಲ್ಲ. ಗೂಡು ಬಿದ್ದುಹೋಗಿದ್ದರೆ ತಳದಲ್ಲಿ ತೂತುಗಳಿರುವ ಪುಟ್ಟ ಬುಟ್ಟಿಗೆ ಒಣಹುಲ್ಲು ಹಾಸಿ ಅದೇ ಕೊಂಬೆಗೆ ಕಟ್ಟಿ, ಒಂದೆರಡು ಗಂಟೆ ಮರೆಯಿಂದ ನೋಡಿ. ಬಾಯಿಗೆ ನೀರು ಮಾತ್ರ ಹನಿಸಬೇಡಿ, ಅದು ಶ್ವಾಸನಾಳಕ್ಕಿಳಿದು ಮರಿ ಸಾಯುತ್ತದೆ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಡಬ್ಬಿಯೊಳಗೆ ಬಟ್ಟೆ ಹಾಸಿ, ಕತ್ತಲಲ್ಲಿ ಬೆಚ್ಚಗಿಟ್ಟು ವನ್ಯಜೀವಿ ಚಿಕಿತ್ಸೆ ಬಲ್ಲವರಿಗೆ ಅದೇ ದಿನ ಒಪ್ಪಿಸಿ.